ಸಿದ್ದಲಿಂಗಮ್ಮ ಆಡದ ಮಾತು

ಲಷ್ಕರ್ ಮೊಹಲ್ಲಾದ ಊದುಬತ್ತಿ ವ್ಯಾಪಾರಿ ಗುರುಸಿದ್ದಯ್ಯನವರು ನಂಜನಗೂಡಿನಾಚೆಗೆ ಕಾಲಿಟ್ಟವರಲ್ಲ. ಆದರೂ ಅವರ ಅಂಗಡಿಯ ಕಟ್ಟೆಯ ಮೇಲೆ ನಡೆದ ಯುದ್ಧಗಳಿಗೆ ಲೆಕ್ಕವಿಲ್ಲ. ಅರವತ್ತೆರಡರಲ್ಲಿ ಅವರು ಚೀನಾದವರನ್ನು ಅಟ್ಟುವಷ್ಟರಲ್ಲಿ ಸರ್ಕಾರವೇ ಸೋತುಬಿಟ್ಟಿತು. ಅರವತ್ತೈದರಲ್ಲಿ ಹಾಗಾಗಲು ಅವರು ಬಿಡಲಿಲ್ಲ. ಕಾಶ್ಮೀರದ ಹಾಜಿ ಪೀರ್ ಕಣಿವೆ ನಮ್ಮ ಕೈಗೆ ಬಂದ ಸುದ್ದಿ ಕೇಳಿ ಗಿರಾಕಿಗಳಿಗೆಲ್ಲ ಒಂದೊಂದು ಕಟ್ಟು ಊದುಬತ್ತಿ ಬಿಟ್ಟಿಯಾಗಿ ಹಂಚಿದರು. ಹಂಚಿದ್ದು ಮುಗ್ಗಲು ಹಿಡಿದ ಸರಕು ಎಂಬುದನ್ನು ಪಕ್ಕದ ದರ್ಜಿ ಹುಚ್ಚಯ್ಯ ಮಾತ್ರ ಕಂಡುಹಿಡಿದ.

ದೇಶಭಕ್ತಿಯಷ್ಟೇ ಅವರ ಅಕ್ಷರವೂ ದುಂಡಗಿತ್ತು. ಬೀದಿಯಲ್ಲಿ ಓದುಬರಹ ಬಾರದವರ ಕಾಗದಗಳನ್ನೆಲ್ಲ ಅವರೇ ಬರೆದುಕೊಡುತ್ತಿದ್ದರು. ಸಿದ್ದಲಿಂಗಮ್ಮ ಪ್ರತಿ ಸೋಮವಾರ ಸಂಜೆ ಬರುತ್ತಿದ್ದಳು. ಗಂಡ ತೀರಿಕೊಂಡಿದ್ದ, ಮನೆಯಲ್ಲೇ ಕೂತು ಇವರ ಅಂಗಡಿಗೆ ಬತ್ತಿ ಹೊಸೆಯುತ್ತಿದ್ದಳು. ಒಬ್ಬನೇ ಮಗ ಮಹದೇವು ಸೈನ್ಯದಲ್ಲಿ, ಕಾಶ್ಮೀರದ ಯಾವುದೋ ಬೆಟ್ಟದ ಮೇಲಿದ್ದ. ಅವಳು ಹೇಳಿದ್ದನ್ನು ಇವರು ಬರೆಯುವರು, ಕೆಳಗೆ ಅವಳು ಹೆಬ್ಬೆಟ್ಟು ಒತ್ತುವಳು. ಬತ್ತಿ ಹೊಸೆದು ಹೊಸೆದು ಅದರ ಗೆರೆಗಳೆಲ್ಲ ಸವೆದಿದ್ದವು.

"ಗೀಟು ಮೂಡ್ದಿದ್ರೇನು ಸಾವ್ಕಾರ್ರೇ? ವಾಸ್ನೆ ನೋಡೇ ನನ್ ಮಗ ಗುರುತು ಹಿಡೀತಾನೆ" ಅನ್ನುವಳು.

ಅರವತ್ತಾರರ ಜನವರಿ ಹತ್ತೂ ಸೋಮವಾರವೇ. ತಾಷ್ಕೆಂಟಿನಲ್ಲಿ ನಮ್ಮ ಪ್ರಧಾನಿಯವರು ಒಪ್ಪಂದಕ್ಕೆ ಸಹಿ ಹಾಕಿದರು, ಎರಡೂ ಕಡೆಯ ಸೈನ್ಯ ಮೊದಲಿದ್ದಲ್ಲಿಗೆ ಹಿಂದಿರುಗಬೇಕು ಎಂದು ಸಂಜೆಯ ರೇಡಿಯೋ ಹೇಳಿತು. ಹಾಗಾದರೆ ಆ ಕಣಿವೆಯೂ ವಾಪಸ್ಸು. ಗುರುಸಿದ್ದಯ್ಯನವರು ಕಟ್ಟೆಯ ಮೇಲೆ ಎದ್ದು ನಿಂತರು.

"ರಕ್ತ ಸುರಿಸಿ ತಗೊಂಡಿದ್ದನ್ನ ಶಾಯಿ ಸುರಿಸಿ ಕೊಟ್ಬುಟ್ರಲ್ರೀ!"

"ಅದರಲ್ಲಿ ನಿಮ್ದೆಷ್ಟು ತೊಟ್ಟು ಸಾವ್ಕಾರ್ರೇ? ಸೊಳ್ಳೆ ಕುಡಿದಿದ್ದು ಬುಟ್ಟು" ಎಂದ ಹುಚ್ಚಯ್ಯ, ಹೊಲಿಗೆ ಯಂತ್ರದಿಂದ ತಲೆಯೆತ್ತದೆ.

ಕಟ್ಟೆಯೆಲ್ಲ ನಕ್ಕಿತು. ಆ ನಗು ಅವರಿಗೆ ಕಣಿವೆ ಹೋದದ್ದಕ್ಕಿಂತ ಹೆಚ್ಚು ಉರಿಸಿತು. ಊದುಬತ್ತಿ ಮಾರುವವನ ಸಿಟ್ಟಿಗೆ ತೂಕವಿಲ್ಲ, ನಿಜ. ಯೋಧನ ತಾಯಿಯ ಸಿಟ್ಟಾದರೆ? ಒಳಗೆ ಹೋಗಿ ದೊಡ್ಡ ಹಾಳೆಯೊಂದರ ಮೇಲೆ ದಪ್ಪಕ್ಷರದಲ್ಲಿ ಬರೆದರು: "ಯೋಧನ ತಾಯಿಯ ಶಾಪ. ನನ್ನ ಮಗ ಗೆದ್ದ ಮಣ್ಣನ್ನು ಬಿಟ್ಟುಕೊಟ್ಟವರು ಮತ್ತೆ ಈ ದೇಶದ ಮಣ್ಣು ಮೆಟ್ಟದಿರಲಿ."

ಮಸಿ ಆರುವ ಮೊದಲೇ ಸಿದ್ದಲಿಂಗಮ್ಮ ಬಂದಳು. ಮುಖ ಅರಳಿತ್ತು.

"ಜಗಳ ಮುಗೀತಂತಲ್ಲ ಸಾವ್ಕಾರ್ರೇ! ಯುಗಾದಿಗೆ ಬಾ ಅಂತ ಬರೀರಿ ಮಹದೇವುಗೆ. ರಾಜಿ ಮಾಡ್ದ ಆ ಪುಣ್ಯಾತ್ಮನ ಹೊಟ್ಟೆ ತಣ್ಣಗಿರ್ಲಿ ಅಂತ್ಲೂ ಸೇರ್ಸಿ."

ಅವರ ಕೈ ಒಂದು ಗಳಿಗೆ ತಡೆಯಿತು. ಹೇಳಿದ್ದನ್ನೆಲ್ಲ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡರು. ಆಮೇಲೆ ದೊಡ್ಡ ಹಾಳೆಯನ್ನು ಮುಂದೆ ಸರಿಸಿದರು.

"ಇದಕ್ಕೂ ಒಂದು ಒತ್ತಮ್ಮ."

"ಇದೇನಿದು?"

"ಅದೇ, ಒಪ್ಪಂದದ ವಿಷ್ಯ. ದೊಡ್ಡೋರು ನೋಡ್ಬೇಕಾದ್ದು."

ಸುಳ್ಳೇನಲ್ಲ. ಮುಗ್ಗಿದ ಸರಕನ್ನು 'ಹಳೇ ಪರಿಮಳ' ಎಂದು ಮಾರುವಾಗಿನ ನಿಜ. ದೆಹಲಿಗೆ ತನ್ನ ಹರಕೆ ಹೋಗುತ್ತದೆಂದು ತಿಳಿದ ಸಿದ್ದಲಿಂಗಮ್ಮ ಬೆರಳನ್ನು ಸೆರಗಿಗೆ ಒರೆಸಿ, ಮತ್ತೆ ಮಸಿ ಹಚ್ಚಿಕೊಂಡು, ಚೆನ್ನಾಗಿ ಮೂಡಲೆಂದು ಅಮುಕಿ ಒತ್ತಿದಳು.

ಅವಳು ಹೋದ ಮೇಲೆ ಹಾಳೆ ಅಂಗಡಿಯ ಬಾಗಿಲಿಗೇರಿತು. ಬೀದಿಯಲ್ಲಿ ಯೋಧನ ತಾಯಿ ಎಂದರೆ ಅವಳೊಬ್ಬಳೇ; ಓದಿದವರು ತಲೆದೂಗಿದರು. ಹುಚ್ಚಯ್ಯನೂ ಬಾಯಿ ಮುಚ್ಚಿದ. ಹೆತ್ತವಳ ಮಾತಿಗೆ ಎದುರಾಡುವುದುಂಟೆ?

ಬೆಳಗಾಗುತ್ತಲೇ ರೇಡಿಯೋ ಇನ್ನೊಂದು ಸುದ್ದಿ ಹೇಳಿತು. ಪ್ರಧಾನಿಯವರು ತಾಷ್ಕೆಂಟಿನಲ್ಲೇ ತೀರಿಕೊಂಡಿದ್ದರು.

ಗುರುಸಿದ್ದಯ್ಯನವರು ನೀರಿನ ಚೊಂಬು, ಚಾಕು ಹಿಡಿದು ಅಂಗಡಿಗೆ ಓಡಿದರು. ಅಂಟು ಅವರೇ ಕಾಸಿದ್ದು, ಅದರ ಬಿಗಿಯನ್ನು ಅವರೇ ಹತ್ತು ಸಲ ಹೊಗಳಿಕೊಂಡಿದ್ದು. ಹಾಳೆ ಚೂರುಚೂರಾಗಿ ಕಿತ್ತು ಬರುವಷ್ಟರಲ್ಲಿ ಬೀದಿ ಮತ್ತೊಮ್ಮೆ ಓದಿ ಮುಗಿಸಿತ್ತು. ಮತ್ತೆ ಈ ಮಣ್ಣು ಮೆಟ್ಟದಿರಲಿ! ನಿನ್ನೆ ತಲೆದೂಗಿದವರೇ ಇವತ್ತು "ಎಂಥಾ ನಾಲಿಗೆನಪ್ಪಾ ಆ ಹೆಂಗಸಿಂದು" ಎಂದರು. ನಲ್ಲಿಯ ಬಳಿ ಹೆಂಗಸರು ಅವಳ ಕೊಡದ ಪಕ್ಕದಿಂದ ತಮ್ಮ ಕೊಡಗಳನ್ನು ಎತ್ತಿಟ್ಟುಕೊಂಡರು.

ಅವಳು ಖಾಲಿ ಕೊಡದೊಂದಿಗೇ ಅಂಗಡಿಗೆ ಬಂದಳು.

"ನಾ ಒತ್ತಿದ್ರಲ್ಲಿ ಏನಿತ್ತು? ಓದಿ ಸಾವ್ಕಾರ್ರೇ."

ಓದಲು ಹಾಳೆ ಉಳಿದಿರಲಿಲ್ಲ, ಬಾಯಿಪಾಠವಾಗಿತ್ತು. ನೆಲ ನೋಡುತ್ತ ಒಪ್ಪಿಸಿದರು.

ಸಿದ್ದಲಿಂಗಮ್ಮ ಬೈಯಲಿಲ್ಲ. ಬೈದಿದ್ದರೆ ಅವರಿಗೆ ಹಗುರಾಗುತ್ತಿತ್ತು.

"ನನ್ ಮಗನ್ನ ಮನೆಗೆ ಕಳ್ಸೋರಿಗೆ ನನ್ ಕೈಲೇ ಶಾಪ ಹಾಕ್ಸ್‌ಬುಟ್ರಾ? ಇದು ಅವನ ಕಿವಿಗೆ ಬೀಳೋಕ್ ಮುಂಚೆ ಜನದ ಮುಂದೆ ಹೇಳ್ಬುಡಿ. ಅದು ನನ್ ಮಾತಲ್ಲ ಅಂತ."

ಆ ವಾರದ ಕೊನೆಯಲ್ಲಿ ಬೀದಿಯವರು ಅಂಗಡಿಯ ಕಟ್ಟೆಯ ಮೇಲೇ ಸಂತಾಪಸಭೆ ಸೇರಿಸಿದರು. ಮೊದಲು ಯಾರೋ ಪತ್ರಿಕೆ ಓದಿದರು: ಮಾಸ್ಕೋದವರು, ಲಂಡನ್ನಿನವರು ಒಪ್ಪಂದವನ್ನು ಮೆಚ್ಚಿದ್ದಾರೆ; ಲಾಹೋರಿನಲ್ಲಿ ಮಾತ್ರ ವಿದ್ಯಾರ್ಥಿಗಳು ನಾವು ಮೋಸಹೋದೆವೆಂದು ಬೀದಿಗಿಳಿದಿದ್ದಾರೆ.

"ಅಲ್ಲೂ ಕೊಟ್ಬುಟ್ರು ಅಂತಾರೆ, ಇಲ್ಲೂ ಕೊಟ್ಬುಟ್ರು ಅಂತಾರೆ" ಎಂದ ಹುಚ್ಚಯ್ಯ. "ತಗೊಂಡೋರ್ಯಾರ್ರೀ ಮತ್ತೆ?"

ಯಾರೂ ನಗಲಿಲ್ಲ. ಗುರುಸಿದ್ದಯ್ಯನವರು ಎದ್ದರು. ಹಿಂದೆ ಗೋಡೆಗೊರಗಿ ಸಿದ್ದಲಿಂಗಮ್ಮ ನಿಂತಿದ್ದಳು.

"ಆ ಶಾಪದ ಮಾತು... ಅದು ಸಿದ್ದಲಿಂಗಮ್ಮಂದಲ್ಲ. ನಂದು ಅಂತಾನೇ ತಿಳ್ಕೊಳಿ."

ಮುಂದೆ ಕೂತಿದ್ದ ಹಿರಿಯರೊಬ್ಬರು, "ನೋಡ್ರಪ್ಪಾ, ಎಂಥಾ ದೊಡ್ಡ ಮನಸ್ಸು! ಪಾಪದ ಹೆಂಗಸಿನ ತಪ್ಪನ್ನ ತಾವು ಹೊತ್ಕೊಂಡ್ರು!" ಎಂದರು. ನಾಲ್ಕು ಜನ ಹೌದೌದೆಂದರು.

ಮೋಸ ಮಾಡಿ ಒತ್ತಿಸಿಕೊಂಡೆ ಎಂಬ ಇನ್ನೊಂದು ಮಾತು ಹೇಳುವುದು ಉಳಿದಿತ್ತು. ಮೋಸ ಎಂಬ ಪದ ವ್ಯಾಪಾರಿಯ ಬಾಯಿಂದ ಒಮ್ಮೆ ಹೊರಬಿದ್ದರೆ ನಾಳೆ ಅಂಗಡಿಗೆ ಬರುವವರಾರು? ಅವರು ಕೈ ಮುಗಿದು ಕೂತುಬಿಟ್ಟರು. ತಿರುಗಿ ನೋಡಿದಾಗ ಗೋಡೆಯ ಬಳಿ ಯಾರೂ ಇರಲಿಲ್ಲ. ಜನ ಇನ್ನೂ ಹೊಗಳುತ್ತಲೇ ಇದ್ದರು.

ಮುಂದಿನ ಸೋಮವಾರ ಅವಳು ಹೊಸೆದ ಬತ್ತಿಯ ಕಟ್ಟುಗಳನ್ನು ತಂದು ಇಳಿಸಿದಳು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಮಹದೇವುಗೆ ಕಾಗ್ದ..." ಎಂದರು ಗುರುಸಿದ್ದಯ್ಯನವರು.

"ಸ್ಕೂಲಿನ ಚೂಡಾಮಣಿ ಮೇಡಮ್ಮೋರು ಬರ್ಕೊಟ್ರು. ಮೂರು ಸಲ ಓದ್ಸಿ ಕೇಳ್ಬುಟ್ಟೇ ಒತ್ತಿದ್ದು."

ಅವಳು ಮೆಟ್ಟಿಲಿಳಿಯುತ್ತಿದ್ದಳು. ಇವರು ಗದ್ದುಗೆಯಿಂದ ಎದ್ದೇ ಬಂದರು.

"ಸಿದ್ದಲಿಂಗಮ್ಮ, ನಾನು ಮೋಸ ಮಾಡ್ದೆ ಕಣಮ್ಮ."

ಅವಳು ಖಾಲಿ ಕಟ್ಟೆಯನ್ನೊಮ್ಮೆ ನೋಡಿದಳು.

"ಅದನ್ನ ಅವತ್ತು ಜನ ಇದ್ದಾಗ ಅನ್ಬೇಕಿತ್ತು ಸಾವ್ಕಾರ್ರೇ" ಎಂದು ಬೀದಿಗಿಳಿದಳು.