ಹೊಸ ಅಂಗಿ ಎಲ್ಲಿತ್ತು?

ನನ್ನ ಹೆಂಡತಿ ಬೀಗ ಒಡೆಯುವ ಕೆಲಸ ಮಾಡುತ್ತಾಳೆ ಎಂದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ತಮ್ಮ ಜೇಬು ಮುಟ್ಟಿಕೊಳ್ಳುತ್ತಾರೆ. ಮುಟ್ಟಿಕೊಳ್ಳಲಿ ಎಂದೇ ನಾನು ಹಾಗೆ ಹೇಳುವುದು. ನಿಜ ಹೇಳಬೇಕೆಂದರೆ ಅವಳದು ಕಾನೂನುಬದ್ಧ ನೌಕರಿ. ವಿಮಾನ ನಿಲ್ದಾಣದ ತಳದ ಅಂತಸ್ತಿನಲ್ಲಿ ಕಿಟಕಿಯೇ ಇಲ್ಲದ ಒಂದು ಕೋಣೆ, ಅಲ್ಲೊಂದು ಉದ್ದನೆಯ ಸ್ಟೀಲ್ ಮೇಜು. ಪ್ರಯಾಣಿಕರು ಮೇಲೆ ಕೌಂಟರಿನಲ್ಲಿ ಒಪ್ಪಿಸಿದ ಸೂಟ್‌ಕೇಸುಗಳು ಬೆಲ್ಟಿನ ಮೇಲೆ ಕೂತು ಕೆಳಗಿಳಿದು ಯಂತ್ರದೊಳಗೆ ಹಾಯುತ್ತವೆ. ಪರದೆಯಲ್ಲಿ ಏನಾದರೂ ಅನುಮಾನದ ವಸ್ತು ಕಂಡರೆ ಆ ಸೂಟ್‌ಕೇಸು ಇವಳ ಮೇಜಿಗೆ ಬರುತ್ತದೆ. ಕೆಲವು ಬೀಗಗಳಿಗೆ ಇವರ ಬಳಿಯೇ ಕೀಲಿ ಇದೆ. ಅಂಥ ಬೀಗದ ಮೇಲೆ ಸಣ್ಣದೊಂದು ಗುರುತಿರುತ್ತದೆ. ಮಿಕ್ಕವಕ್ಕೆಲ್ಲ ಉದ್ದ ಹಿಡಿಯ ಕತ್ತರಿ. ಒಳಗಿನದನ್ನು ನೋಡಿ, ಬೇಡದ್ದನ್ನು ತೆಗೆದು, ಮುಚ್ಚಿ, "ತಪಾಸಣೆಗಾಗಿ ತೆರೆಯಲಾಗಿದೆ" ಎಂಬ ಚೀಟಿ ಇಟ್ಟು ಕಳಿಸುವುದು. ಸೂಟ್‌ಕೇಸಿನ ಒಡೆಯರು ಆ ಹೊತ್ತಿಗೆ ಮೇಲೆಲ್ಲೋ ಕಾಫಿ ಕುಡಿಯುತ್ತಿರುತ್ತಾರೆ.

ಈ ಕೆಲಸಕ್ಕೆ ಸೇರುವ ಮೊದಲು ಅವಳು ನನ್ನ ಇಸ್ತ್ರಿ ಅಂಗಡಿಯಲ್ಲಿದ್ದಳು. ನಾನು ಉಜ್ಜಿ ಪಕ್ಕಕ್ಕೆ ತಳ್ಳಿದರೆ ಅವಳು ಮಡಿಚುತ್ತಿದ್ದಳು. ಅವಳು ಮಡಿಚಿದ ಅಂಗಿ ನೋಡಿದವರಿಗೆ ನಾನು ಉಜ್ಜಿದ್ದು ಕಾಣುತ್ತಲೇ ಇರಲಿಲ್ಲ. "ನಿಮ್ಮನೆಯವರು ಮಡಿಚಿದ್ದನ್ನ ಬಿಚ್ಚೋಕೆ ಮನಸ್ಸೇ ಬರಲ್ಲ ಕಣ್ರೀ" ಎಂದು ಗಿರಾಕಿಗಳು ನನ್ನೆದುರೇ ಹೊಗಳುತ್ತಿದ್ದರು. ಬಿಸಿ ಪೆಟ್ಟಿಗೆ ಹಿಡಿದು ಬೆವರು ಸುರಿಸುವವನು ನಾನು, ಹೆಸರು ಅವಳಿಗೆ! ಹೊಟ್ಟೆ ಉರಿಯುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು. ಎರಡನ್ನೂ ಬಾಯಿಬಿಟ್ಟು ಹೇಳಿದವನಲ್ಲ ನಾನು.

ನಿಲ್ದಾಣದಲ್ಲೂ ಅವಳ ಕೈ ಸುಮ್ಮನಿರಲಿಲ್ಲ. ಜೊತೆಯವರು ತೆಗೆದದ್ದನ್ನೆಲ್ಲ ಹಿಡಿಹಿಡಿಯಾಗಿ ತುರುಕಿ, ಮೊಣಕಾಲಲ್ಲಿ ಒತ್ತಿ ಜಿಪ್ ಎಳೆಯುತ್ತಿದ್ದರು. ಇವಳು ಒಂದೊಂದನ್ನೂ ಮಡಿಚಿ, ಅಂಗಿಗೆ ಅಂಗಿ, ಪ್ಯಾಂಟಿಗೆ ಪ್ಯಾಂಟು ಸೇರಿಸಿ ಜೋಡಿಸುತ್ತಿದ್ದಳು. ಅಲ್ಲಿ ಅವಳಿಗೆ 'ಇಸ್ತ್ರಿ ಮೇಡಂ' ಎಂದೇ ಹೆಸರು ಬಿತ್ತು. "ನಿಂಗೇನು ಅದಕ್ಕೆ ಬೇರೆ ಸಂಬಳ ಕೊಡ್ತಾರಾ?" ಎಂದು ನಾನು ಒಮ್ಮೆ ರೇಗಿದೆ.

"ಬೀಗ ಅಂತೂ ಒಡೆದಿರ್ತೀವಲ್ಲ ರೀ," ಅಂದಳು. "ಬೈಕೊಂಡೇ ತೆಗೀತಾರೆ. ತೆಗೆದಾಗ ಒಳಗಾದ್ರೂ ಅಚ್ಚುಕಟ್ಟಾಗಿದ್ರೆ ಸ್ವಲ್ಪ ಸಮಾಧಾನ ಆಗುತ್ತೆ. ಯಾರೋ ಒಳ್ಳೇವ್ರೇ ಮುಟ್ಟಿದಾರೆ ಅಂತ."

ಅವಳ ಲೆಕ್ಕದಲ್ಲಿ ಅದು ಕ್ಷಮೆ ಕೇಳುವ ರೀತಿ. ಮುಖ ನೋಡದವರ ಹತ್ತಿರ ಹೇಗೆ ಕೇಳುವುದು, ಹೇಳಿ.

ಹೀಗಿರುವಾಗ ಅವಳ ಮೇಲಧಿಕಾರಿಗೆ ಒಂದು ಫೋನು ಬಂತು. ದೂರದ ಊರಿನ ಹೆಂಗಸು. ಚೀಟಿಯ ಮೇಲಿದ್ದ ನಂಬರು ನೋಡಿ ಮಾಡಿದ್ದಾಳೆ. ಏನೋ ಕಳವಾಗಿದೆ ಎಂಬ ದೂರಿರಬೇಕೆಂದು ಅಧಿಕಾರಿ ಮುಖ ಗಂಟಿಕ್ಕಿಕೊಂಡೇ ಕೇಳಿದನಂತೆ. "ಏನೂ ಹೋಗಿಲ್ಲಪ್ಪ. ಮಡಿಚಿಟ್ಟವರ ಹತ್ರ ಒಂದು ಮಾತಾಡ್ಬೇಕಿತ್ತು," ಅಂದಳಂತೆ ಆಕೆ. ಹೊಗಳುವುದಕ್ಕೇ ಇರಬೇಕೆಂದು ಅವನು ನಗುತ್ತಾ ನನ್ನ ಹೆಂಡತಿಯನ್ನು ಕರೆದ. ಕೆಲಸದ ಗಲಾಟೆಯಲ್ಲಿ ಮಾತಾಡಲು ಆಗದೆ ಇವಳು ತನ್ನ ಮೊಬೈಲ್ ನಂಬರು ಕೊಟ್ಟಳು. ಸಂಜೆ ಅಂಗಡಿಯಲ್ಲಿ ನನಗೆ ಕೈಜೋಡಿಸುತ್ತಿದ್ದಾಗ ಫೋನು ಬಂತು. ಎರಡೂ ಕೈಯಲ್ಲಿ ಬೆಡ್‌ಶೀಟಿದ್ದ ಕಾರಣ ಅದನ್ನು ಇಸ್ತ್ರಿ ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು. ಹಾಗಾಗಿ ಎಲ್ಲವೂ ನನ್ನ ಕಿವಿಗೂ ಬಿತ್ತು.

"ಬೈಯೋಕಲ್ಲಮ್ಮ ಮಾಡಿದ್ದು," ಎಂದೇ ಆಕೆ ಶುರುಮಾಡಿದಳು. "ಅದು ನನ್ನ ಮಗನ ಸೂಟ್‌ಕೇಸು."

ಮಗ ನಮ್ಮೂರಿನಲ್ಲೇ ದೊಡ್ಡ ಕಟ್ಟಡಗಳಿಗೆ ವೈರಿಂಗ್ ಮಾಡುತ್ತಿದ್ದವನು. ರಜೆ ಹಾಕಿ ಮನೆಗೆ ಹೊರಟಿದ್ದ. ಸಾಮಾನೆಲ್ಲ ತುಂಬಿ, ಬೀಗ ಹಾಕಿ, ಕೊನೆಯ ಪಾಳಿ ಮುಗಿಸಿ ಬರುತ್ತೇನೆಂದು ಹೋದ. ಮೇಲಿನಿಂದ ಬಿದ್ದ. ತಾಯಿ ಒಬ್ಬಳೇ ಬಂದು ಎಲ್ಲ ಕಾರ್ಯ ಮುಗಿಸಿ, ಆ ಸೂಟ್‌ಕೇಸು ಹಿಡಿದು ವಿಮಾನ ಹತ್ತಲು ಹೋದಳು. ಬೀಗ ಹಾಗೇ ಇತ್ತು. ಕೀಲಿ ಅವನ ಜೇಬಿನಲ್ಲಿದ್ದದ್ದು ಎಲ್ಲಿ ಹೋಯಿತೋ.

"ಕೌಂಟರಲ್ಲಿದ್ದ ಹುಡುಗಿ ಹೇಳಿದ್ಲು ಕಣಮ್ಮ. ಬೀಗ ತೆಗೆದುಬಿಡಿ, ಇಲ್ಲಾಂದ್ರೆ ಚೆಕ್ ಮಾಡೋವಾಗ ಒಡೀತಾರೆ ಅಂತ. ನಂಗೆ ಏನು ಹೇಳೋದು ಗೊತ್ತಾಗ್ಲಿಲ್ಲ. ಅವನು ಹಾಕಿದ ಬೀಗ. ಮನೆಗೆ ತಗೊಂಡೋಗಿ ಅವರಪ್ಪನ ಮುಂದೇನೇ ತೆಗೀಬೇಕು ಅಂತಿದ್ದೆ. ಇರ್ಲಿ ಬಿಡಮ್ಮ ಅಂದೆ."

ಒಳಗೆ ಒಂದು ಪವರ್ ಬ್ಯಾಂಕ್ ಇತ್ತು. ಕೌಂಟರಿನಲ್ಲಿ ಒಪ್ಪಿಸುವ ಸಾಮಾನಿನಲ್ಲಿ ಅದನ್ನು ಇಡುವಂತಿಲ್ಲ. ಯಂತ್ರಕ್ಕೆ ಕಂಡಿತು, ಇವಳು ಬೀಗ ಕತ್ತರಿಸಿದಳು. ಅಷ್ಟೇ ನಡೆದದ್ದು.

ಇವಳು ಬೆಡ್‌ಶೀಟು ಕೆಳಗಿಟ್ಟಳು. "ನನ್ನಿಂದ ತಪ್ಪಾಯ್ತಮ್ಮ," ಅಂದಳು.

"ಬೀಗ ಹೋಗ್ಲಿ ಬಿಡು. ಒಂದು ಕೇಳ್ಬೇಕಿತ್ತು," ಅಂದಳು ತಾಯಿ. "ಅಂಗಿಗಳನ್ನೆಲ್ಲ ಒಂದರ ಮೇಲೊಂದು ಜೋಡಿಸಿದೀಯಲ್ಲ, ಅದರಲ್ಲೊಂದು ಹೊಸಾದು. ಇನ್ನೂ ಒಗೆದಿಲ್ಲ. ನೀನು ತೆಗೆದಾಗ ಅದು ಎಲ್ಲಿತ್ತು? ಬೇರೆಯಾಗಿ ಮೇಲಿತ್ತಾ, ಅವನ ಬಟ್ಟೆ ಜೊತೇಲೇ ಇತ್ತಾ?"

ಕೇಳುವುದಕ್ಕೆ ಕಾರಣವಿತ್ತು. ಅಪ್ಪ ಬಡಗಿ. ಮಗ ಉಳಿ ಹಿಡಿಯುವುದಿಲ್ಲ ಎಂದದ್ದಕ್ಕೆ ಮಾತಿಗೆ ಮಾತು ಬೆಳೆದು, "ನನ್ನ ಹೊಸಲು ತುಳೀಬೇಡ" ಎಂದುಬಿಟ್ಟಿದ್ದನಂತೆ. ಆಮೇಲೆ ವರ್ಷಗಟ್ಟಲೆ ಇಬ್ಬರ ನಡುವೆ ಮಾತಿಲ್ಲ. ಮಗ ಬಂದರೂ ಅಪ್ಪ ಮನೆಯಲ್ಲಿಲ್ಲದ ಹೊತ್ತು ನೋಡಿ ಬರುತ್ತಿದ್ದ. ಇತ್ತೀಚೆಗೆ ಅಪ್ಪನಿಗೆ ಲಕ್ವ ಹೊಡೆದು ಒಂದು ಕೈ, ಒಂದು ಕಾಲು ಬಿದ್ದುಹೋಯಿತು. ಸುದ್ದಿ ಮುಟ್ಟಿಸಿದಾಗ ಮಗ "ಬರ್ತೀನಮ್ಮ" ಅಂದನೇ ಹೊರತು ಅಪ್ಪನ ಬಗ್ಗೆ ಒಂದಕ್ಷರ ಎತ್ತಲಿಲ್ಲ.

"ನನಗೊಂದು ಕೈಚೀಲ ತಂದಿದಾನೆ. ಅವನ ತಂಗಿಗೆ ವಾಚು. ಅವರಪ್ಪನಿಗೆ ಅಂತ ಇದ್ರೆ ಆ ಅಂಗಿ ಒಂದೇ. ಇಬ್ರದೂ ಒಂದೇ ಅಳತೆ, ನೋಡಿದ್ರೆ ಗೊತ್ತಾಗಲ್ಲ. ಅವನು ಯಾರಿಗಾದ್ರೂ ತಂದಿದ್ದನ್ನ ತನ್ನ ಬಟ್ಟೆ ಜೊತೆ ಸೇರಿಸಲ್ಲ ಕಣಮ್ಮ. ಬೇರೆ ಕವರಲ್ಲಿ ಹಾಕಿ ಎಲ್ಲಕ್ಕಿಂತ ಮೇಲಿಡ್ತಾನೆ, ತೆಗೆದ ಕೂಡ್ಲೇ ಕೊಡೋಕೆ. ಇವರು ದಿನಾ ಅದನ್ನೇ ಕೇಳ್ತಾರೆ. ನೋಡಿರೋಳು ನೀನೊಬ್ಬಳೇ."

ಇವಳ ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಹರಿದ ಕವರು ಕಂಡರೆ ಇವಳು ಬಿಸಾಡುತ್ತಾಳೆ. ಅಂಗಿ ಎಲ್ಲಿ ಸಿಕ್ಕಿದರೂ ಅಂಗಿಗಳ ಸಾಲಿಗೇ ಸೇರಿಸುತ್ತಾಳೆ. ಬೇರೆ ಯಾರಾದರೂ ಆಗಿದ್ದರೆ ಹೇಗಿತ್ತೋ ಹಾಗೆ ತುರುಕಿ ಮುಚ್ಚುತ್ತಿದ್ದರು, ಹೊಸ ಅಂಗಿ ಮೇಲಿದ್ದಿದ್ದರೆ ಮೇಲೇ ಉಳಿಯುತ್ತಿತ್ತು. ಬೀಗ ಒಡೆದದ್ದರಿಂದ ಏನೂ ಹಾಳಾಗಿರಲಿಲ್ಲ. ಹಾಳಾದದ್ದು ಇವಳ ಅಚ್ಚುಕಟ್ಟಿನಿಂದ.

"ನೆನಪಾಗ್ತಿಲ್ಲಮ್ಮ," ಅಂದಳು ಇವಳು.

"ಪರವಾಗಿಲ್ಲ. ನಿಧಾನಕ್ಕೆ ಯೋಚನೆ ಮಾಡು. ಮತ್ತೆ ಮಾಡ್ತೀನಿ."

ಮಾಡಿದಳು. ಎರಡು ಮೂರು ದಿನಕ್ಕೊಮ್ಮೆ ಮಾಡುತ್ತಲೇ ಇದ್ದಳು. ಮೊದಮೊದಲು ನನಗೆ ತಲೆ ಚಿಟ್ಟು ಹಿಡಿಯಿತು. ಆ ತಾಯಿಯ ಮೇಲಲ್ಲ ಸಿಟ್ಟು, ಸತ್ತವನ ಮೇಲೆ. ಜೇಬಿನಲ್ಲಿ ಫೋನಿತ್ತಲ್ಲ, ಅಪ್ಪನಿಗೆ ಒಂದು ಮಾತು ಹೇಳಿದ್ದರೆ ಗಂಟೇನು ಹೋಗುತ್ತಿತ್ತು? ಅಂಗಿಯ ಕೈಯಲ್ಲಿ ಮಾತಾಡಿಸಬೇಕಿತ್ತೇ? ಹೀಗೆಲ್ಲ ಬೈದು ಆಮೇಲೆ ಸುಮ್ಮನಾಗುತ್ತಿದ್ದೆ. ಇಪ್ಪತ್ತೆಂಟೋ ಮೂವತ್ತೋ ವಯಸ್ಸಿನವನು. ಅವನಿಗೇನು ಗೊತ್ತಿತ್ತು.

ಇವಳಂತೂ ನೆನಪು ಮಾಡಿಕೊಳ್ಳಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಊಟಕ್ಕೆ ಕೂತವಳು ಕೈಯಲ್ಲಿ ತುತ್ತು ಹಿಡಿದುಕೊಂಡು ಹಾಗೇ ಗೋಡೆ ನೋಡುತ್ತಿದ್ದಳು. ಕ್ಯಾಮೆರಾದಲ್ಲಿ ಏನಾದರೂ ಸಿಗಬಹುದೆಂದು ಅಧಿಕಾರಿಯ ಕಾಲು ಹಿಡಿಯುವುದೊಂದು ಬಾಕಿ. ಅದು ಮೇಜಿನ ಸುತ್ತ ನಿಂತವರನ್ನು ತೋರಿಸುತ್ತದೆಯೇ ಹೊರತು ಸೂಟ್‌ಕೇಸಿನ ಒಳಗನ್ನಲ್ಲ, ನಿನಗೂ ಗೊತ್ತಲ್ಲ ಎಂದ ಅವನು. ಅವಳಿಗೆ ಕಣ್ಣಿಗೆ ಕಟ್ಟಿದಂತೆ ನೆನಪಿದ್ದದ್ದು ಬೀಗ ಒಂದೇ. ಹಳೆಯ ಕಾಲದ ಹಿತ್ತಾಳೆಯದು, ಒಂದೇ ಸಲಕ್ಕೆ ತುಂಡಾಗಲಿಲ್ಲ, ಮತ್ತೊಮ್ಮೆ ಒತ್ತಬೇಕಾಯಿತು. ಅದನ್ನು ಫೋನಿನಲ್ಲಿ ಹೇಳಿದಾಗ ಆ ತಾಯಿ, "ಅದು ಅವರಪ್ಪನ ಹತಾರದ ಪೆಟ್ಟಿಗೇದು. ಇವನು ಮನೆಬಿಟ್ಟು ಹೋಗೋವಾಗ ನಾನೇ ಕೊಟ್ಟಿದ್ದೆ. ಈಗೆಲ್ಲಿದೆ?" ಎಂದು ಕೇಳಿದಳು. ಕಸದ ಬುಟ್ಟಿಗೆ ಹಾಕಿದೆ ಎನ್ನಲು ಇವಳ ನಾಲಿಗೆ ಹೊರಳಲಿಲ್ಲ. ಆಕೆಯೂ ಮತ್ತೆ ಕೇಳಲಿಲ್ಲ.

"ಯಾಕೆ ಇಷ್ಟು ಒದ್ದಾಡ್ತೀಯ? ಮೇಲಿತ್ತು ಅಂದ್ಬಿಡು, ಮುಗೀತು," ಎಂದು ಅಂಗಡಿಗೆ ಬಂದ ಪಕ್ಕದ ಟೈಲರಮ್ಮ ಬುದ್ಧಿ ಹೇಳಿದಳು.

"ಹೆಂಗೆ ಅನ್ಲಿ?" ಅಂದಳು ಇವಳು. "ಅವರ ಮಗ ಕೊನೇಲಿ ಮಾಡಿದ್ದು ಅದೊಂದೇ. ಅದನ್ನ ಅಳಿಸಿದ್ದೂ ನಾನೇ. ಇನ್ನು ಅದರ ಜಾಗಕ್ಕೆ ನನ್ನ ಕತೆ ತುಂಬ್ಲಾ?"

ಒಂದು ರಜೆಯ ಮಧ್ಯಾಹ್ನ ಮತ್ತೆ ಫೋನು ಬಂತು. "ಇವತ್ತು ಇವರೇ ಮಾತಾಡ್ತಾರಂತಮ್ಮ," ಅಂದಳು ತಾಯಿ. ಆಮೇಲೆ ಬರೀ ಉಸಿರು. ಯಾರೋ ಭಾರ ಹೊತ್ತು ಮೆಟ್ಟಿಲು ಹತ್ತುವ ಹಾಗೆ.

"ಅಂ... ಗಿ," ಅಂದ ಮುದುಕ. ತುಟಿಯ ಒಂದೇ ಬದಿಯಿಂದ ಬಂದ ಮಾತು. "ಎ... ಲ್ಲಿತ್ತು, ಮಗಳೇ?"

ನಾನು ಇಸ್ತ್ರಿ ಪೆಟ್ಟಿಗೆ ಎತ್ತಿ ನಿಲ್ಲಿಸಿದೆ. ಸನ್ನೆ ಗಿನ್ನೆ ಏನೂ ಮಾಡಲಿಲ್ಲ, ಮಾಡಿದ್ದರೂ ಇವಳು ನನ್ನ ಕಡೆ ನೋಡುತ್ತಿರಲಿಲ್ಲ. ಫೋನನ್ನೇ ನೋಡುತ್ತಿದ್ದಳು.

"ಮೇಲೇ ಇತ್ತಪ್ಪ," ಅಂದಳು.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಅಷ್ಟಕ್ಕೆ ನಿಲ್ಲಿಸುವುದಿಲ್ಲ. "ಈಗ ಸರಿಯಾಗಿ ನೆನಪಾಯ್ತು. ಬೇರೆ ಕವರಲ್ಲಿತ್ತು, ಎಲ್ಲಕ್ಕಿಂತ ಮೇಲೆ. ನೀಲಿ ಅಂಗಿ. ಯಾರಿಗೋ ಕೊಡೋಕೇ ಅಂತ ಜೋಪಾನವಾಗಿ ಇಟ್ಟ ಹಾಗಿತ್ತು. ನಿಮಗೇ ಅಪ್ಪ ಅದು."

ಆ ಕಡೆ ಬಟ್ಟೆ ಸರಿದ ಸದ್ದು. ಮತ್ತೆ ಅದೇ ಉಸಿರು.

"ಹೌ... ದು," ಅಂದ ಮುದುಕ ಕೊನೆಗೆ. "ನೀ... ಲಿ. ಅದೇ. ಒಳ್ಳೇ... ದಾಗ್ಲಿ ತಾಯಿ."

ಇವಳ ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಎಷ್ಟೋ ದಿನಗಳ ಮೇಲೆ ಮುಖ ಅರಳಿತ್ತು. ನನ್ನ ಕಡೆ ತಿರುಗಿ ಏನೋ ಹೇಳಹೊರಟಳು. ಅಷ್ಟರಲ್ಲಿ ಆ ಕಡೆ ಕುರ್ಚಿ ಸರಿದ ಸದ್ದು, ಬಾಗಿಲು ಎಳೆದ ಸದ್ದು, ಮತ್ತೆ ತಾಯಿಯ ದನಿ. ಈ ಸಲ ತೀರ ಮೆಲ್ಲಗೆ.

"ಅದು ಬಿಳೀ ಅಂಗಿ ಕಣಮ್ಮ," ಅಂದಳು. "ಅವರ ತೊಡೆ ಮೇಲೇ ಇತ್ತು. ನೋಡ್ಕೊಂಡೇ ಹೌದು ಅಂದ್ರು. ನಿನಗೆ ನೋವಾಗ್ಬಾರ್ದು ಅಂತ."

ಇವಳು ಫೋನನ್ನು ಹತ್ತಿರ ಎಳೆದುಕೊಂಡಳು. "ಅಂಗಿ... ಹಾಕ್ಕೊಳ್ತಾರಾ?" ಎಂದು ಕೇಳಿದಳು.

"ಇಲ್ಲಮ್ಮ," ಅಂದಳು ತಾಯಿ. "ಅವನ ಬಟ್ಟೆ ಜೊತೇಲೇ ಒಳಗಿಟ್ಬಿಡು ಅಂತ ಈಗ ನನ್ನ ಕೈಗೆ ಕೊಟ್ರು."