ಅಣ್ಣನ ಅಂಗಡಿಯ ಬಿಲ್ಲು

ಅಜ್ಜಂಪುರದಲ್ಲಿ ನಾನು ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸು ಹೊಲಿಯುತ್ತೇನೆ. ಅಳತೆ ಕೊಡಲು ಬಂದವರು ಒಂದು ಗಳಿಗೆ ಕೂತು ಮಾತಾಡದೆ ಹೋಗುವುದಿಲ್ಲ. ಆ ಮಾತಿನ ನಡುವೆ ನಮ್ಮಣ್ಣನ ಸೂಪರ್ ಮಾರ್ಕೆಟ್ಟಿನ ವಿಷಯವನ್ನು ಎಷ್ಟು ಜನರ ಕಿವಿಗೆ ಹಾಕಿದ್ದೆನೋ! ಬಿಸ್ಕತ್ತು ಏಜೆನ್ಸಿಯ ಮಾಲು ತುಂಬಿದ ಗೂಡ್ಸ್ ಆಟೋ ಓಡಿಸಿಕೊಂಡು ಊರೂರು ಸುತ್ತುತ್ತಿದ್ದವನು ತರೀಕೆರೆಯಲ್ಲಿ ಗಾಜಿನ ಬಾಗಿಲಿನ ಅಂಗಡಿ ತೆರೆದಾಗ ನನಗಾದ ಹಿಗ್ಗು ಅಷ್ಟಿಷ್ಟಲ್ಲ. "ನಮ್ಮಣ್ಣನ ಅಂಗ್ಡಿಗೇ ಹೋಗ್ರೀ, ಮೋಸ ಅನ್ನೋದಿಲ್ಲ. ನನ್ನೆಸ್ರು ಹೇಳ್ರೀ" ಅನ್ನುತ್ತಿದ್ದೆ.

ನನ್ನ ಮಾತು ಕೇಳಿ ಮೊದಲು ಹೋದವರು ಎದುರುಮನೆ ಅಕ್ಕ. ಮೊಮ್ಮಗಳ ನಾಮಕರಣಕ್ಕೆ ಬೇಕಾದ ಬೇಳೆ, ಬೆಲ್ಲ, ಎಣ್ಣೆ ಎಲ್ಲವನ್ನೂ ಅಲ್ಲಿಂದಲೇ ತಂದರು. ನಾನೂ ಜೊತೆಗೆ ಹೋಗಿದ್ದೆ. ಅಣ್ಣ ನಮಗಿಬ್ಬರಿಗೂ ಕಾಫಿ ತರಿಸಿದ್ದ. ಬಸ್ಸಿನ ತನಕ ಚೀಲಗಳನ್ನು ತಾನೇ ಹೊತ್ತು ತಂದಿದ್ದ.

ಅದಾಗಿ ಕೆಲವು ತಿಂಗಳ ಮೇಲೆ, ಗೌರಿ ಹಬ್ಬ ಹತ್ತಿರ ಬರುತ್ತಿದ್ದಾಗ ಅಕ್ಕ ಸೊಸೆಯನ್ನು ಕರೆದುಕೊಂಡು ಬ್ಲೌಸು ಹೊಲಿಸಲು ಬಂದರು. "ಈ ಭಾನ್ವಾರ ತರೀಕೆರೆಗೆ ಹೋಗ್ಬರೋಣ್ವಾ ಅಕ್ಕಾ?" ಅಂದೆ.

"ಬ್ಯಾಡ ಬಿಡವ್ವ, ಈ ಸಲ ಕಡೂರಿಗೇ ಹೋಗ್ಬತ್ತೀವಿ," ಅಂದರು. ನನ್ನ ಮುಖ ನೋಡಲಿಲ್ಲ. ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತರು.

ತರೀಕೆರೆಗೆ ನೇರ ಬಸ್ಸಿರುವಾಗ ಬೀರೂರು ದಾಟಿಕೊಂಡು ಕಡೂರಿಗೆ ಹೋಗುವುದೇಕೆ ಎಂದು ನಾನು ಬಿಡದೆ ಕೇಳಿದೆ. ಕೊನೆಗೆ ಸೊಸೆಯೇ ಬಾಯಿಬಿಟ್ಟಳು. "ಅತ್ತೆ ಹೇಳಲ್ಲ. ನಾನೇ ಹೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ್ರೀ."

ಸೊಸೆ ಬಾಣಂತನ ಮುಗಿಸಿ ಬಂದ ಮೇಲೆ ಇನ್ನೊಂದು ಸಲ ತಾನೇ ಆ ಅಂಗಡಿಗೆ ಹೋಗಿದ್ದಳಂತೆ. ಮೊಬೈಲ್ ತೆಗೆದು ಎರಡು ಫೋಟೋ ತೋರಿಸಿದಳು. ಒಂದರಲ್ಲಿ ಎಣ್ಣೆ ಪ್ಯಾಕೆಟ್ಟುಗಳ ಸಾಲಿನ ಮೇಲೆ ಅಂಟಿಸಿದ್ದ ಹಳದಿ ಚೀಟಿ. ಅಸಲು ಬೆಲೆಗೆ ಗೀಟು ಹಾಕಿ, ಕೆಳಗೆ ದಪ್ಪ ಅಕ್ಷರದಲ್ಲಿ ರಿಯಾಯಿತಿ ಬೆಲೆ ಬರೆದಿತ್ತು. ಇನ್ನೊಂದು ಬಿಲ್ಲು. ಅದರಲ್ಲಿ ಗೀಟು ಹಾಕಿದ್ದ ಬೆಲೆಯೇ ಇತ್ತು. ನಾಮಕರಣದ ಬಿಲ್ಲನ್ನು ಹುಡುಕಿ ನೋಡಿದರೆ ಅಲ್ಲೂ ಅದೇ ಕತೆ. "ಅವ್ಳಿಗೆ ಗೊತ್ತಾದ್ರೆ ನೊಂದ್ಕಂತಾಳೆ, ಸುಮ್ನಿರು" ಎಂದು ಅತ್ತೆ ಬಾಯಿ ಮುಚ್ಚಿಸಿದ್ದರಂತೆ.

ನನ್ನ ಮುಖ ಎಲ್ಲಿಟ್ಟುಕೊಳ್ಳಲಿ? ಇಷ್ಟು ದಿನ ಅಕ್ಕ ದಿನಕ್ಕೆರಡು ಸಲ ನಮ್ಮ ಬಾಗಿಲಿಗೆ ಬಂದು ಹೋಗುತ್ತಿದ್ದರು. ಅಷ್ಟು ಸಲವೂ ನನ್ನ ಮರ್ಯಾದೆ ಕಾಪಾಡಲೆಂದೇ ತುಟಿ ಬಿಗಿಹಿಡಿದಿದ್ದರು. ಸಂಜೆ ಅಣ್ಣನಿಗೆ ಫೋನ್ ಮಾಡಿದೆ. ಅವನು ನಕ್ಕುಬಿಟ್ಟ. "ಆಫರ್ ಮುಗಿದೋಗಿತ್ತು ಕಣೇ. ಚೀಟಿ ಕೀಳೋದು ಮರ್ತಿದ್ವಿ. ಇವತ್ತೇ ಕೀಳಿಸ್ತೀನಿ ಬಿಡು."

ಎದೆ ಹಗುರಾಯಿತು. ಚಪ್ಪಲಿಯನ್ನೂ ಮೆಟ್ಟದೆ ರಸ್ತೆ ದಾಟಿ ಹೋಗಿ ಅಕ್ಕನಿಗೆ ಹಾಗೇ ಹೇಳಿದೆ. "ಇರ್ಬೋದು ಬಿಡವ್ವ" ಅಂದರು. ಆ 'ಇರ್ಬೋದು' ನನ್ನನ್ನು ಇಡೀ ವಾರ ಕುಟುಕಿತು.

ಮುಂದಿನ ವಾರ ಲೈನಿಂಗ್ ಬಟ್ಟೆ ತರಲು ತರೀಕೆರೆಗೆ ಹೋದವಳು ಅಂಗಡಿಗೂ ಹೋದೆ. ಅಣ್ಣ ಒಳಗೆ ಗೋಡೌನಿನಲ್ಲಿದ್ದ. ಕೌಂಟರಿನಲ್ಲಿ ಕೂತಿದ್ದ ಅತ್ತಿಗೆಗೆ ತಲೆಯೆತ್ತಲೂ ಪುರುಸೊತ್ತಿರಲಿಲ್ಲ. ನಾನು ಸೀದಾ ಎಣ್ಣೆಯ ಸಾಲಿಗೆ ನಡೆದೆ. ಹಳದಿ ಚೀಟಿ ಅಲ್ಲೇ ಇತ್ತು. ಹಳೆಯದಲ್ಲ, ಅಂಚು ಕೂಡ ಮುದುಡಿರದ ಹೊಸ ಚೀಟಿ. ಕೆಳಗೆ ನೂರ ಮೂವತ್ತು ಎಂದಿತ್ತು. ಒಂದು ಪ್ಯಾಕೆಟ್ ಎತ್ತಿಕೊಂಡು ಬಂದು ಸಾಲಿನಲ್ಲಿ ನಿಂತೆ. ಬಿಲ್ಲು ನೋಡಿದ ಮೇಲೆ ಅಣ್ಣನನ್ನು ಪಕ್ಕಕ್ಕೆ ಕರೆದು ಮಾತಾಡುವುದು ಎಂದುಕೊಂಡಿದ್ದೆ.

ನನ್ನ ಮುಂದೆ ಒಬ್ಬ ಹೆಂಗಸು ಇದ್ದರು. ಲಕ್ಕವಳ್ಳಿಯವರು ಎಂದು ಅವರ ಮಾತಿನಿಂದಲೇ ಆಮೇಲೆ ತಿಳಿಯಿತು. ಬಿಲ್ಲು ಕೈಗೆ ಬಂದ ಕೂಡಲೇ ಅವರು ಬೆರಳಿಟ್ಟು ಓದಿದರು.

"ಎಣ್ಣೆಗೆ ಅಲ್ಲಿ ನೂರ್ಮೂವತ್ತು ಅಂತ ಬರ್ದೀರಿ. ಇಲ್ಲಿ ನೂರೈವತ್ತು ಹಾಕೀರಲ್ಲ?"

"ಅದು ಬೇರೆ ಕಂಪ್ನೀದು," ಅಂದಳು ಅತ್ತಿಗೆ.

"ಇಲ್ಲ ಕಣ್ರೀ, ಇದೇ. ನಾನು ನೋಡೇ ತಗಂಡಿದ್ದು."

ಗದ್ದಲ ಕೇಳಿ ಅಣ್ಣ ಹೊರಗೆ ಬಂದ. ನನ್ನನ್ನು ಗಮನಿಸಲಿಲ್ಲ. "ಅಲ್ಲಿ ಅಂಥಾ ಚೀಟಿನೇ ಇಲ್ಲ. ಓದಕ್ ಬಂದ್ರೆ ತಾನೇ ಸರಿಯಾಗ್ ನೋಡದು," ಅಂದುಬಿಟ್ಟ.

ಹಿಂದೆ ನಿಂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಇನ್ಯಾರೋ "ಬಿಡಮ್ಮ, ಇಪ್ಪತ್ತು ರೂಪಾಯ್ಗೆ ಎಷ್ಟೊತ್ತು! ಬಸ್ ಹೋಗ್ತದೆ" ಅಂದರು. ಆ ಹೆಂಗಸಿನ ಮುಖ ಕಿವಿಯ ತನಕ ಕೆಂಪೇರಿತು. ದುಡ್ಡು ಕೊಡಲೆಂದು ಪರ್ಸಿಗೆ ಕೈಹಾಕಿದರು. ಹಾಕಿದ ಕೈ ಅಲ್ಲೇ ನಿಂತಿತು. ನನ್ನ ಕೈಯಲ್ಲಿದ್ದ ಪ್ಯಾಕೆಟ್ ಅವರ ಕಣ್ಣಿಗೆ ಬಿದ್ದಿತ್ತು.

"ನೀವೂ ಅದನ್ನೇ ತಗಂಡೀರಲ್ಲ, ನೀವೇ ಹೇಳ್ರೀ. ಅಲ್ಲಿ ಎಷ್ಟು ಅಂತ ಐತೆ?"

ಆಗ ಅಣ್ಣ ನನ್ನನ್ನು ನೋಡಿದ. ಸುಮ್ಮನಿರು ಎಂದು ಅವನ ಕಣ್ಣು ಹೇಳಿತು. ಚಿಕ್ಕಂದಿನಲ್ಲಿ ನನಗೆ ಬೀಳಬೇಕಿದ್ದ ಎಷ್ಟೋ ಏಟುಗಳನ್ನು ಅಡ್ಡ ಬಂದು ತಾನು ತಿಂದ ಅಣ್ಣ ಅವನು. ಗೊತ್ತಿಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು.

"ನೂರ ಮೂವತ್ತು ಅಂತ್ಲೇ ಇದೆ," ಅಂದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು. ಆದರೂ ಎಲ್ಲರಿಗೂ ಕೇಳಿಸಿತು.

ಅಣ್ಣ ಒಳಗೆ ಹೋಗಿ ಚೀಟಿ ಕಿತ್ತುಕೊಂಡು ಬಂದ. ಆ ಹೆಂಗಸಿಗೆ ರಿಯಾಯಿತಿ ಬೆಲೆಯನ್ನೇ ಹಾಕಿಸಿದ. ಅಷ್ಟರಲ್ಲಿ ನಗುತ್ತಿದ್ದವರೆಲ್ಲ ತಮ್ಮ ತಮ್ಮ ಬಿಲ್ಲು ಬಿಡಿಸಿ ನೋಡತೊಡಗಿದ್ದರು. "ನಂದೂ ಒಸಿ ನೋಡ್ರೀ" ಎಂದು ಒಬ್ಬ ಯಜಮಾನರು ವಾಪಸ್ಸು ಬಂದರು. ಲಕ್ಕವಳ್ಳಿಯ ಹೆಂಗಸು ನನ್ನ ಕೈ ಹಿಡಿದುಕೊಂಡು, "ನೀವು ಇಲ್ದಿದ್ರೆ ನಾನು ಕಳ್ಳಿ ಥರ ಲಕ್ಕವಳ್ಳಿಗೋಗ್ಬೇಕಿತ್ತು ಕಣ್ರೀ" ಅಂದರು.

ಅತ್ತಿಗೆ ಎದ್ದು ನಿಂತಳು. "ಒಡಹುಟ್ಟಿದೋನ ಮಾನ ಬೋ ಚೆನ್ನಾಗ್ ಉಳ್ಸಿದ್ರಿ!"

ಇಡೀ ಅಂಗಡಿ ನನ್ನತ್ತ ತಿರುಗಿತು. ಆ ಹೆಂಗಸು ನನ್ನನ್ನು ನೋಡಿದರು, ಅಣ್ಣನನ್ನು ನೋಡಿದರು, ಮೆಲ್ಲಗೆ ನನ್ನ ಕೈ ಬಿಟ್ಟರು. ಅವರ ಮುಖದಲ್ಲಿದ್ದ ಕೋಪವೆಲ್ಲ ಇಳಿದು ಅಯ್ಯೋ ಪಾಪ ಎನ್ನುವ ಭಾವ ಬಂದಿತ್ತು. ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಪ್ಯಾಕೆಟ್ಟನ್ನು ಅಲ್ಲೇ ಇಟ್ಟು ಹೊರಬಿದ್ದೆ.

ಅಣ್ಣ ಬಾಗಿಲ ತನಕ ಹಿಂದೆ ಬಂದ. "ನನ್ನೊಬ್ಬನ್ನೇ ಕರ್ದು ಹೇಳ್ಬೋದಿತ್ತಲ್ಲ ನೀನು."

"ಫೋನಲ್ಲಿ ಹೇಳಿದ್ನಲ್ಲ ಅಣ್ಣ."

"ಎಲ್ಲಾ ಕಡೆ ಹಿಂಗೇ ನಡ್ಯೋದು ಕಣೇ. ಚೀಟಿ ನೋಡಿ ಒಳಗ್ ಬರ್ತಾರೆ. ಬಿಲ್ ನೋಡೋರು ಯಾರು? ಬಾಡ್ಗೆ ಕಟ್ಬೇಕು, ಕರೆಂಟ್ ಕಟ್ಬೇಕು..." ಅಷ್ಟಕ್ಕೇ ನಿಲ್ಲಿಸಿದ. ಬಿಲ್ಲು ನೋಡದವರಲ್ಲಿ ನನ್ನ ಎದುರುಮನೆ ಅಕ್ಕನೂ ಒಬ್ಬರೆಂದು ಅವನಿಗೂ ನೆನಪಾಯಿತೇನೋ. ನಾನು ಕೇಳಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ. ಪಕ್ಕದವರು ಅಜ್ಜಂಪುರ ಬಂತು ಎಂದು ಎಬ್ಬಿಸಿದಾಗಲೇ ನಾನು ಲೈನಿಂಗ್ ಬಟ್ಟೆ ತಂದಿಲ್ಲವೆಂದು ಗೊತ್ತಾಗಿದ್ದು.

ಆಮೇಲೆ ತವರಿನಿಂದ ಒಂದು ಫೋನೂ ಬರಲಿಲ್ಲ. ಈ ಸಲ ಬಾಗಿನ ಬರುವುದಿಲ್ಲವೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಹಬ್ಬದ ಹಿಂದಿನ ದಿನ ಅಣ್ಣ ಬೈಕಿನಲ್ಲಿ ಒಬ್ಬನೇ ಬಂದ. ಎದುರುಮನೆ ಅಕ್ಕ ಬ್ಲೌಸು ತೆಗೆದುಕೊಂಡು ಹೋಗಲು ಬಂದಿದ್ದರು. ಅವನು ಬಾಗಿನವನ್ನು ನನ್ನ ಕೈಗಿತ್ತು ಅವರ ಕಡೆ ತಿರುಗಿದ.

"ಅಕ್ಕಾ, ಮೊಮ್ಮಗಳ ನಾಮಕರಣದ್ದು... ಹೆಚ್ಗೆ ತಗಂಡಿದ್ದು ಎಷ್ಟಾಗತ್ತೋ ಹೇಳಿ, ಕೊಟ್ಬಿಡ್ತೀನಿ."

ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡರು. "ನಂಗ್ಯಾಕಪ್ಪ ಕೊಡ್ತೀಯ? ನಿನ್ ತಂಗಿ ಊರೆಲ್ಲಾ ನಿನ್ನ ಹೊಗುಳ್ಕಂಡು ಓಡಾಡಿದ್ಲು. ಅವ್ಳ್ ಮಾತು ಉಳಿಯಂಗೆ ಯಾಪಾರ ಮಾಡು, ಸಾಕು," ಎಂದು ಹೊರಟುಹೋದರು.

ಅಣ್ಣ ತಲೆ ತಗ್ಗಿಸಿ ಕೂತ. ಹೋಳಿಗೆ ಬಡಿಸಿದೆ, ಒಂದನ್ನು ತಿಂದ. ಮಳೆ ಬರುವ ಹಾಗಿದೆ ಎಂದು ಬೇಗನೆ ಎದ್ದ.

ಈಗ ಅಂಗಡಿಯಲ್ಲಿ ಬರೆದದ್ದೂ ಬಿಲ್ಲೂ ಒಂದೇ ಇರುತ್ತವೆ ಎಂದು ಹೋಗಿಬಂದವರು ಹೇಳುತ್ತಾರೆ. ನಾನಾಗಿ ಯಾರಿಗೂ ಅಲ್ಲಿಗೆ ಹೋಗಿ ಎನ್ನುವುದಿಲ್ಲ. ತರೀಕೆರೆಗೆ ಹೋದಾಗ ನಾನೂ ಅಲ್ಲೇ ಸಾಮಾನು ತರುತ್ತೇನೆ. ಬಿಲ್ಲು ಕೈಗೆ ಬಂದಾಗ ಬೇಡ ಬೇಡವೆಂದರೂ ಕಣ್ಣು ಮೇಲಿಂದ ಕೆಳಗೆ ಓಡುತ್ತದೆ. ಆ ಹೊತ್ತಿಗೆ ಅಣ್ಣ ಏನಾದರೊಂದು ನೆಪ ಮಾಡಿಕೊಂಡು ಗೋಡೌನಿಗೆ ಹೋಗುತ್ತಾನೆ. ಅವನು ಹೊರಗೆ ಬರುವಷ್ಟರಲ್ಲಿ ನಾನು ಬಿಲ್ಲನ್ನು ಮಡಚಿ ಚೀಲದೊಳಗೆ ಹಾಕಿ, ಅತ್ತಿಗೆಯ ಜೊತೆ ಮಳೆಯ ಮಾತೋ ಮಕ್ಕಳ ಮಾತೋ ಆಡುತ್ತಾ ನಿಂತಿರುತ್ತೇನೆ.