ಕೈಗೆಟುಕದ ಕರೆಗಂಟೆ

ಮೊರಾವಾ ನದಿ ದಂಡೆಯ ನಮ್ಮ ಊರಿನ ಆಸ್ಪತ್ರೆಯಲ್ಲಿ ಸ್ತಾಮೆಂಕಾ ಮೂವತ್ತೊಂದು ವರ್ಷ ನರ್ಸ್ ಆಗಿದ್ದಳು. ಮೂಳೆ ವಿಭಾಗದಲ್ಲಿ ನಾನು ಅವಳ ಜೊತೆ ಹದಿನಾಲ್ಕು ವರ್ಷ ದುಡಿದೆ. ಅವಳ ಮುಂದೆ ಚಾಚಿದ ಆ ಒಂದು ಕಾಗದವನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಹಳೆಯ ವಾರ್ಡ್ ಕೆಡವಿ ಹನ್ನೆರಡು ಹೊಸ ಕೋಣೆ ಕಟ್ಟಿದರು. ನಕ್ಷೆ ಬರೆದವರು ನಮ್ಮನ್ನು ಒಂದು ಮಾತು ಕೇಳಲಿಲ್ಲ. ಮಂಚದ ತಲೆಭಾಗ ಕಿಟಕಿಯ ಕೆಳಗೆ, ಬಾಗಿಲು ಅದಕ್ಕೆ ನೇರ ಎದುರು. ಕಿಟಕಿಯ ಮೇಲೆ ಮುಚ್ಚಲಾಗದ ಗಾಳಿಕಿಂಡಿ. ಕರೆಗಂಟೆಯ ಗುಂಡಿ ತಲೆಯ ಪಕ್ಕದ ಗೋಡೆಯಲ್ಲಿ. ಮಂಚವನ್ನು ಸರಿಸುವಂತಿಲ್ಲ, ನೆಲಕ್ಕೆ ಬಿಗಿದಿದ್ದರು. ನರ್ಸುಗಳ ಮೇಜು ಪಡಸಾಲೆಯ ತಿರುವಿನಾಚೆ. ಅಲ್ಲಿಂದ ಒಂದು ಬಾಗಿಲೂ ಕಾಣದು, ಯಾರ ಕೂಗೂ ಕೇಳದು. "ವಾರ್ಡಲ್ಲಿದೀನೋ ಬಾವೀಲಿದೀನೋ" ಎನ್ನುತ್ತಲೇ ಇಬ್ಬರು ಹುಡುಗಿಯರು ಕೆಲಸ ಬಿಟ್ಟು ಜರ್ಮನಿಗೆ ಹೋದರು.

ನಮ್ಮ ಜನಕ್ಕೆ ಕಿಟಕಿಯಿಂದ ಬಾಗಿಲಿಗೆ ಹಾಯುವ ಗಾಳಿಯೆಂದರೆ ಪ್ರಾಣಭಯ. ಅದು ಕುತ್ತಿಗೆಗೆ ಬಡಿದರೆ ಬಾಯಿ ಸೊಟ್ಟಗಾಗುತ್ತದೆ ಎಂದು ಅಜ್ಜಿಯರು ತುತ್ತಿನ ಜೊತೆ ಉಣಿಸಿದ ಭಯ ಅದು. ಮೊದಲ ದಿನವೇ ರೋಗಿಗಳೆಲ್ಲ ದಿಂಬನ್ನು ಕಾಲಿನ ಕಡೆ ಎಳೆದುಕೊಂಡು ತಿರುಗಿ ಮಲಗಿದರು. ಕರೆಗಂಟೆ ಅವರ ಉಣ್ಣೆಯ ಕಾಲುಚೀಲಗಳ ಬಳಿ ಉಳಿಯಿತು. ಸ್ತಾಮೆಂಕಾ ಎಲ್ಲರನ್ನೂ ಮತ್ತೆ ತಿರುಗಿಸುವಳು; ಅವಳು ಆಚೆ ಹೋದೊಡನೆ ಅವರು ಹಳೇ ದಿಕ್ಕಿಗೆ. ಗುಂಡಿಗೆ ಉದ್ದದ ತಂತಿ ಕೊಡಿ ಎಂದು ಅವಳು ಮೂರು ಪತ್ರ ಬರೆದಳು. ಒಂದಕ್ಕೂ ಉತ್ತರವಿಲ್ಲ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಸೊಂಟದ ಶಸ್ತ್ರಚಿಕಿತ್ಸೆಯಾಗಿದ್ದ ನಿವೃತ್ತ ರೈಲು ಚಾಲಕ ವೆಲಿಜಾರ್‌ಗೆ ಮೂತ್ರಕ್ಕೆ ಅವಸರವಾಯಿತು. ಕೂಗಿದ. ಗಂಟೆಗೆ ಕೈ ಚಾಚಿದ. ಕೊನೆಗೆ ತಾನೇ ಇಳಿದ, ಬಿದ್ದ. ಜೋಡಿಸಿದ್ದ ಜಾಗದಲ್ಲೇ ಮೂಳೆ ಮತ್ತೆ ಮುರಿಯಿತು.

ಮರುದಿನ ನಿರ್ದೇಶಕ ಡಾಕ್ಟರ್ ರಾಡಿವೊಯೆ ಸ್ತಾಮೆಂಕಾಳನ್ನು, ಜೊತೆಗೆ ನಮ್ಮೆಲ್ಲ ನರ್ಸುಗಳನ್ನೂ ಕರೆಸಿ ಅವಳ ಮುಂದೆ ಕಾಗದ ಇಟ್ಟರು. 'ನರ್ಸಿನ ನಿರ್ಲಕ್ಷ್ಯದಿಂದ' ಎಂದು ಅದಾಗಲೇ ಅಚ್ಚಾಗಿತ್ತು.

"ಸಹಿ ಹಾಕಮ್ಮ, ಸಾಕು. ಬೇರೆ ವಿಭಾಗಕ್ಕೆ ಹಾಕ್ತೀನಿ, ಅಷ್ಟೇ."

"ಅಷ್ಟೇನಾ? ಮೂವತ್ತೊಂದು ವರ್ಷ ಎತ್ತಿ ಕೂರಿಸಿದೋಳು ಕೊನೆಗೆ ಬೀಳಿಸಿದೋಳು ಅನ್ನಿಸ್ಕೋಬೇಕಾ? ಬನ್ನಿ ಡಾಕ್ಟ್ರೇ, ಒಂದೇ ಒಂದು ಸಲ ಆ ಮಂಚದ ಮೇಲೆ ಮಲಗಿ."

"ನಿಂಗೇನು ತಲೆ ಕೆಟ್ಟಿದೆಯಾ?"

"ನೀವು ಮಲಗಿ ನೋಡಿದ್ಮೇಲೆ ಸಹಿ ಹಾಕ್ತೀನಿ."

ನಮ್ಮ ಮುಂದೆ ಹಿಂಜರಿಯಲು ನಾಚಿಕೆಯಾಗಿ ಅವರು ಬಂದರು. ಶೂ ಬಿಚ್ಚಿ ಕಿಟಕಿಯ ಕೆಳಗೆ ತಲೆಯಿಟ್ಟರು. ಸ್ತಾಮೆಂಕಾ ಬಾಗಿಲನ್ನು ಅಗಲ ತೆರೆದಳು. ಕಿಂಡಿಯಿಂದ ಗಾಳಿ ಸುಯ್ಯೆಂದು ಹಾಯಿತು.

"ಅಯ್ಯೋ, ನನ್ನ ಕತ್ತು! ಬಾಗಿಲು ಮುಚ್ಚೇ ಮಾರಾಯ್ತಿ!"

"ಊಟದ ಗಾಡಿ ಬರೋವಾಗ ತೆರೆದೇ ಇರುತ್ತೆ ಡಾಕ್ಟ್ರೇ."

ಒಂದು ನಿಮಿಷವೂ ಆಗಲಿಲ್ಲ. ವಿಯೆನ್ನಾದಲ್ಲಿ ಓದಿ ಬಂದ ಆ ಮನುಷ್ಯ ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು, ತೆವಳಿ ತಿರುಗಿ, ಕಾಲಿನ ಕಡೆ ತಲೆಯಿಟ್ಟು ಮಲಗಿದರು.

"ಈಗ ಬೆಲ್ ಒತ್ತಿ," ಎಂದಳು ಸ್ತಾಮೆಂಕಾ. "ಏಳ್ಬೇಡಿ. ನಿಮ್ಮ ಸೊಂಟ ಮುರಿದಿದೆ."

ಅವರು ಕೈ ಚಾಚಿದರು. ಬಳಿಕ ಕಾಲಿನ ಹೆಬ್ಬೆರಳು ಚಾಚಿದರು; ಅದೂ ಗುಂಡಿಗೆ ಎಟುಕಲಿಲ್ಲ. ನಾವ್ಯಾರೂ ನಗಲಿಲ್ಲ.

ಎದ್ದು ಕೂತು ಅವರು ಮೆಲ್ಲಗೆ ಹೇಳಿದರು: "ಕೋಣೆಯ ತಪ್ಪು ಅಂತ ಬರೆಯೋಕಾಗಲ್ಲ. ಮಂತ್ರಿಗಳು ಉದ್ಘಾಟಿಸಿದ್ದು."

"ಹಾಗಾದ್ರೆ ಮಂತ್ರಿಗಳನ್ನೂ ಕರೆಸಿ, ಮಲಗಿಸೋಣ."

ಆ ಕಾಗದದ ಹಿಂಬದಿಯಲ್ಲೇ ಅವಳು ಬರೆದಳು: 'ಕರೆಗಂಟೆ ಕೈಗೆಟುಕದ ಕಾರಣ ರೋಗಿ ಬಿದ್ದರು. ನಿರ್ದೇಶಕರು ಖುದ್ದು ಮಲಗಿ ಪರೀಕ್ಷಿಸಿದ್ದಾರೆ.' ಅದರಲ್ಲಿ ಕೋಣೆಯ ಮಾತಾಗಲಿ ಮಂತ್ರಿಗಳ ಮಾತಾಗಲಿ ಇರಲಿಲ್ಲ; ಕೆಳಗೆ ಡಾಕ್ಟರ್ ಸಹಿ ಹಾಕಿದರು. ಅವಳ ಒಳ್ಳೆಯ ಹೆಸರು ಉಳಿಯಿತು.

ವೆಲಿಜಾರ್ ಮಾತ್ರ ಮತ್ತೆ ಊರುಗೋಲಿಲ್ಲದೆ ನಡೆಯಲಿಲ್ಲ. ಅವಳು ಆ ಬರಹವನ್ನು ಅವನಿಗೆ ಓದಿ ಹೇಳಿದಾಗ ಕಣ್ಣು ಮುಚ್ಚಿ ಕೇಳಿದ.

"ನಿನ್ನ ತಪ್ಪಲ್ಲ ಅಂತ ನಂಗೆ ಗೊತ್ತಿತ್ತು, ಸಿಸ್ಟರ್. ಗೋಡೆಗೇನು ಶಿಕ್ಷೆ ಕೊಟ್ರಂತೆ?"

"ಕೊಟ್ಟಿಲ್ಲ ಅಜ್ಜ. ಒಂದು ಕೋಣೆಯ ಬೆಲ್‌ಗೆ ಉದ್ದದ ತಂತಿ ಬಂದಿದೆ," ಎಂದು ಸ್ತಾಮೆಂಕಾ ಅವನ ಕಾಲಿಗೆ ಹೊದಿಕೆ ಎಳೆದಳು. "ಇನ್ನೂ ಹನ್ನೊಂದಿದೆ. ನಾಳೆ ಮತ್ತೆ ಡಾಕ್ಟ್ರ ಹತ್ರ ಹೋಗ್ತೀನಿ."